ಸ್ಟೇಷನ್ ಗಾಡಿಯ ಕಾಡಸಿದ್ದಪ್ಪ

ಈಗಿನ ರಾಮನಗರವನ್ನು ಜನ ಕ್ಲೋಸ್‌ಪೇಟೆ ಎನ್ನುತ್ತಿದ್ದ ಕಾಲದಲ್ಲಿ ಅಲ್ಲಿ ಕಾಡಸಿದ್ದಪ್ಪ ಎಂಬ ರೈತನೊಬ್ಬನಿದ್ದ. ಊರಾಚೆ ಒಂದಿಷ್ಟು ರಾಗಿ ಹೊಲ, ಬದುವಿನ ಮೇಲೆ ಹಿಪ್ಪುನೇರಳೆ, ನಾಡಹೆಂಚಿನ ಮನೆ, ಹೆಂಡತಿ ಶಿವಲಿಂಗಮ್ಮ. ಉಣ್ಣಲು ಉಡಲು ಕೊರತೆಯಿಲ್ಲದ ಸಂಸಾರ. ಆದರೆ ಊರವರು ಅವನನ್ನು ಗುರುತಿಸುತ್ತಿದ್ದುದು ಹೊಲದಿಂದಲ್ಲ, ಎತ್ತುಗಳಿಂದ. ಹಳ್ಳಿಕಾರ್ ತಳಿಯ ಬೂದು ಬಣ್ಣದ ಜೋಡಿ. ಚೂಪು ಕೊಂಬು, ಸಣ್ಣ ಗೊರಸು, ಮೂಗುದಾರ ಮುಟ್ಟಿದರೆ ಸಾಕು ಓಟಕ್ಕೆ ಬೀಳುತ್ತಿದ್ದವು. ಅವಕ್ಕೆಂದೇ ಒಂದು ಸವಾರಿ ಗಾಡಿ ಮಾಡಿಸಿದ್ದ. ಮೇಲೆ ಬಿದಿರಿನ ಕಮಾನು, ಒಳಗೆ ಹುಲ್ಲಿನ ಮೆತ್ತೆ. ಯಾರಾದರೂ ಮದುವೆ ದಿಬ್ಬಣಕ್ಕೆ ಕರೆದರೆ ಹೊಲದ ಕೆಲಸ ಬಿಟ್ಟು ಹೋಗುತ್ತಿದ್ದ. ಗಾಡಿ ಬೀದಿಯಲ್ಲಿ ಹಾಯುವಾಗ ಜನ ತಿರುಗಿ ನೋಡಬೇಕು, ಅವನಿಗೆ ಬೇಕಾದದ್ದು ಅಷ್ಟೇ.

ಹಾಗೆ ಜನ ತಿರುಗಿ ನೋಡುವಂಥ ಸವಾರಿ ಆ ವರ್ಷ ಊರಿನಲ್ಲಿ ಒಂದೇ ಇತ್ತು. ಅದು ಪೀರ್ ಸಾಬರ ಕೈಯಲ್ಲಿತ್ತು.

ಬೆಂಗಳೂರಿನಲ್ಲಿ ಇಂಗ್ಲಿಷ್ ಸರ್ಕಾರದ ಪರವಾಗಿ ರೆಸಿಡೆಂಟ್ ಸಾಹೇಬರು ಇರುತ್ತಿದ್ದರಲ್ಲ, ಅವರ ಕೈಕೆಳಗಿನ ದೊರೆಯೊಬ್ಬರು ಸಂಸಾರ ಸಮೇತ ಕ್ಲೋಸ್‌ಪೇಟೆಗೆ ಬಂದು ನೆಲೆಸಿದ್ದರು. ಬೆಂಗಳೂರಿನ ದಂಡು ಪ್ರದೇಶದಲ್ಲಿ ಪ್ಲೇಗು ಹೆಚ್ಚಾಗಿ, ಅವರ ಬಂಗಲೆಯ ಆಳುಗಳ ಸಾಲಿನಲ್ಲೇ ಇಬ್ಬರು ಸತ್ತ ಮೇಲೆ ದೊರೆಸಾನಿ ಅಲ್ಲಿರಲು ಒಪ್ಪಲಿಲ್ಲವಂತೆ. ಆರು ವರ್ಷದ ಮಗಳು, ಇನ್ನೂ ಅಂಬೆಗಾಲಿಡುವ ಮಗ. ರೈಲು ಹಾದಿ ಹಾಕಿಸುವಾಗ ಯಾರೋ ಇಂಜಿನಿಯರು ಕಟ್ಟಿಸಿಕೊಂಡಿದ್ದ ಬಂಗಲೆಯೊಂದು ಅರ್ಕಾವತಿ ಸೇತುವೆಯಾಚೆ, ಬಂಡೆಗುಡ್ಡದ ಕೆಳಗೆ ಬೀಗ ಹಾಕಿಕೊಂಡು ಬಿದ್ದಿತ್ತು. ಅದಕ್ಕೆ ಸುಣ್ಣ ಬಳಿಸಿದರು, ಬಾವಿಯ ಹೂಳು ತೆಗೆಸಿ ಶುಚಿ ಮಾಡಿಸಿದರು. ಸಾಮಾನು ರೈಲಿನಲ್ಲಿ ಬಂತು. ಪಿಯಾನೋ ಪೆಟ್ಟಿಗೆಯನ್ನು ಸೇತುವೆ ದಾಟಿಸುವಾಗ ಗಾಡಿ ಕುಲುಕಿದಾಗಲೆಲ್ಲ ಅದು ಒಳಗೊಳಗೇ ಗುಂಯ್‌ಗುಟ್ಟುತ್ತಿತ್ತು. ಊರ ಹೆಂಗಸರು ವಾರಗಟ್ಟಲೆ ಅದನ್ನೇ ಆಡಿಕೊಂಡರು.

ದೊರೆ ಬೆಳಗಿನ ರೈಲಿಗೆ ಬೆಂಗಳೂರಿನ ಕಚೇರಿಗೆ ಹೋಗಿ ಸಂಜೆಯ ರೈಲಿಗೆ ಮರಳುತ್ತಿದ್ದರು. ಬಂಗಲೆಯಿಂದ ಸ್ಟೇಷನ್ನಿಗೂ ಸ್ಟೇಷನ್ನಿನಿಂದ ಬಂಗಲೆಗೂ ಅವರನ್ನು ಕರೆದೊಯ್ಯುವುದು ಪೀರ್ ಸಾಬರ ಜಟಕಾ. ಪೀರ್ ಸಾಬರಿಗೆ ಆಗಲೇ ಐವತ್ತು ದಾಟಿತ್ತು. ದೊರೆಯ ಸಂಸಾರ ಮೊದಲ ದಿನ ರೈಲಿಳಿದಾಗ ಅಳುತ್ತಿದ್ದ ಹುಡುಗಿಯನ್ನು ಎತ್ತಿ ಕುದುರೆಯ ಮೇಲೆ ಕೂರಿಸಿ ನಗಿಸಿದವರು ಅವರೇ. ಅಂದಿನಿಂದ ದೊರೆಸಾನಿಗೆ ಪೀರ್ ಸಾಬರೆಂದರೆ ನಂಬಿಕೆ. ಹಾಲಿನವಳನ್ನು ಗೊತ್ತು ಮಾಡಿಕೊಟ್ಟವರು ಅವರು, ಅಗಸನನ್ನು ಕರೆತಂದವರು ಅವರು. ಅವರಿಲ್ಲದೆ ಆ ಬಂಗಲೆಯಲ್ಲಿ ಒಲೆ ಹೊತ್ತುತ್ತಿರಲಿಲ್ಲ ಅಂದರೂ ನಡೆದೀತು.

ಕಾಡಸಿದ್ದಪ್ಪನಿಗೂ ಅವರು ಬೇಕಾದವರೇ. ‘ಪೀರಣ್ಣ’ ಎಂದೇ ಕರೆಯುತ್ತಿದ್ದ. ಈ ಎತ್ತುಗಳನ್ನು ಕೊಳ್ಳುವಾಗ ಜೊತೆಗೆ ಬಂದು, ಹಲ್ಲು ನೋಡಿ, ಗೊರಸು ತಟ್ಟಿ, ‘ಹಿಡ್ಕೊ ಸಿದ್ದಪ್ಪ, ಬುಡಬ್ಯಾಡ’ ಅಂದವರು ಅವರೇ.

ಕಾರ್ತಿಕ ಕಳೆದು ಚಳಿ ಹತ್ತಿಕೊಂಡಿದ್ದ ಒಂದು ಬೆಳಗ್ಗೆ ಬಂಗಲೆಯ ಬಟ್ಲರ್ ಮುನಿಸಾಮಿ ಏದುಸಿರು ಬಿಡುತ್ತ ಕಾಡಸಿದ್ದಪ್ಪನ ಅಂಗಳಕ್ಕೆ ಬಂದ. ಅವನು ಮದರಾಸಿನ ಕಡೆಯವನು, ದೊರೆ ಎಲ್ಲಿಗೆ ವರ್ಗವಾದರೂ ಬೆನ್ನಿಗೇ ಹೋಗುತ್ತಿದ್ದವನು.

“ಅಯ್ಯೋ ಸಿದ್ದಪ್ಪಾ, ಆ ಪೀರ್ ಸಾಬ್ ಬರಲಿಲ್ಲಪ್ಪಾ! ದೊರೆ ಬಾಗಿಲಲ್ಲಿ ನಿಂತಿದ್ದಾರೆ. ಬೇಗ ಗಾಡಿ ಕಟ್ಟಪ್ಪಾ!”

ಕಾಡಸಿದ್ದಪ್ಪ ಗಾಡಿ ಕಟ್ಟಿದ. ದೊರೆ ಹತ್ತಿ ಕೂರುವ ಹೊತ್ತಿಗೆ ಚನ್ನಪಟ್ಟಣದ ಕಡೆಯಿಂದ ರೈಲಿನ ಹೊಗೆ ಕಾಣುತ್ತಿತ್ತು. ಎತ್ತುಗಳನ್ನು ಬಿಟ್ಟನೆಂದರೆ ಬಿಟ್ಟ. ಸೇತುವೆಯ ಮೇಲೆ ಬಟ್ಟೆ ಒಗೆಯಲು ಹೊರಟವರು ಗೋಡೆಗೆ ಅಂಟಿಕೊಂಡರು. ಪೇಟೆಯಲ್ಲಿ ಅಂಗಡಿ ಬಾಗಿಲು ತೆರೆಯುತ್ತಿದ್ದವರು ಬೀಗ ಕೈಯಲ್ಲೇ ಹಿಡಿದು ನಿಂತರು. ರೈಲೂ ಗಾಡಿಯೂ ಒಟ್ಟಿಗೆ ಸ್ಟೇಷನ್ ಮುಟ್ಟಿದವು. ದೊರೆ ಇಳಿದವರು ಓಡಲಿಲ್ಲ. ಒಂದು ಗಳಿಗೆ ನಿಂತು, ಬಲಗಡೆಯ ಎತ್ತಿನ ಕತ್ತು ತಟ್ಟಿ, ಏನೋ ಇಂಗ್ಲಿಷಿನಲ್ಲಿ ಹೇಳಿ ನಕ್ಕರು. ಸ್ಟೇಷನ್ ಮಾಸ್ತರು ಕಿಟಕಿಯಿಂದ ಇಣುಕಿ ನೋಡಿದರು.

ಆ ಹೊತ್ತು ಕಾಡಸಿದ್ದಪ್ಪನ ಕಾಲು ನೆಲದ ಮೇಲಿರಲಿಲ್ಲ.

ಮಧ್ಯಾಹ್ನ ಪೀರ್ ಸಾಬರ ಮನೆಗೆ ಹೋಗಿ ವಿಚಾರಿಸಿದ. ಸ್ಟೇಷನ್ ಬೀದಿಯಲ್ಲಿ ಹುಣಸೆಮರದ ಪಕ್ಕ ಅವರ ತಾತ ಕಟ್ಟಿದ ಮಣ್ಣುಗೋಡೆಯ ಮನೆ. ಮೊಮ್ಮಗಳಿಗೆ ಚಳಿಜ್ವರ. ರಾತ್ರಿಯೆಲ್ಲ ಅದರ ಜೊತೆ ಕೂತು ಬೆಳಗಿನ ಜಾವ ಕಣ್ಣು ಹತ್ತಿಬಿಟ್ಟಿತಂತೆ. ಪಡಸಾಲೆಯಲ್ಲಿ ಕಂಬಳಿ ಹೊದ್ದು ಕೂತಿದ್ದ ಹುಡುಗಿ ಗಂಜಿ ಕುಡಿಯುತ್ತಿತ್ತು. ಪೀರ್ ಸಾಬರು ಎಲೆ ಅಡಿಕೆ ಕೊಟ್ಟರು.

“ನೀನಿದ್ದೆ, ಬಚಾವಾದೆ ಕಣಪ್ಪ. ದೊರೆ ರೈಲು ತಪ್ಪಿದ್ರೆ ನನ್ನ ಮಾನ ಹೋಗ್ತಿತ್ತು. ನಾಳೆಯಿಂದ ನಾನೇ ಹೋಗ್ತೀನಿ.”

“ಆಗ್ಲಿ ಪೀರಣ್ಣ, ಅದ್ಕೇನಂತೆ” ಅಂದು ಎದ್ದುಬಂದ.

ಮಾರನೆಯ ದಿನ ಹೊಲದಲ್ಲಿ ನಿಂತಿದ್ದವನಿಗೆ ಸೇತುವೆಯ ಕಡೆಯಿಂದ ಜಟಕಾದ ಗೆಜ್ಜೆ ಕೇಳಿಸಿತು. ಅದರ ಮಾರನೆಯ ದಿನವೂ ಕೇಳಿಸಿತು. ತಾನು ಓಡಿಸಿದ ಓಟ ಊರವರ ಬಾಯಲ್ಲಿ ಎರಡೇ ದಿನಕ್ಕೆ ತಣ್ಣಗಾಯಿತಲ್ಲ ಎಂದು ಅವನಿಗೆ ಕಸಿವಿಸಿ. ಅಂಥ ಹೊತ್ತಿನಲ್ಲೇ ಸಂತೆಯಲ್ಲಿ ಬಟ್ಲರ್ ಸಿಕ್ಕಿದ್ದು. ಕೋಳಿ ಕೊಳ್ಳುತ್ತಿದ್ದವನು ತಾನಾಗಿ ಮಾತಿಗೆಳೆದ.

“ದೊರೆಗೆ ನಿನ್ನ ಎತ್ತುಗಳು ಬಹಳ ಹಿಡಿಸಿವೆಯಪ್ಪಾ. ಆವತ್ತು ಆ ಸಾಬ್ ಯಾಕೆ ಬರಲಿಲ್ಲ? ಕೇಳಿದರೆ ಮಲಗಿಬಿಟ್ಟೆ ಅಂತಾನೆ.”

“ಮನೇಲಿ ಮಗೀಗೆ ಜ್ವರ.”

“ಜ್ವರಾನಾ? ಎಂಥ ಜ್ವರ?” ಬಟ್ಲರನ ಕೈ ಕೋಳಿಯ ಕಾಲಿನ ಮೇಲೆ ಹಾಗೇ ನಿಂತಿತು.

ಚಳಿಜ್ವರ, ಹುಡುಗಿ ಗಂಜಿ ಕುಡಿಯುತ್ತಿದ್ದುದನ್ನು ನಾನೇ ನೋಡಿದೆ ಎಂದು ಹೇಳಬಹುದಿತ್ತು. ಆ ಮಾತು ಬಾಯಿಯವರೆಗೂ ಬಂದಿತ್ತು. ಆದರೆ ಕಾಡಸಿದ್ದಪ್ಪ ಅತ್ತಿತ್ತ ನೋಡಿ, ದನಿ ತಗ್ಗಿಸಿ ಹೇಳಿದ್ದು ಬೇರೆ.

“ಇಲಿ ಬಿದ್ದಿತ್ತು ಅಂತ ಯಾರೋ ಅಂತಿದ್ರಪ್ಪ. ನಂಗೊತ್ತಿಲ್ಲ.”

ಪ್ಲೇಗಿನ ಕಾಲದಲ್ಲಿ ಮನೆಯಲ್ಲಿ ಇಲಿ ಸತ್ತು ಬಿತ್ತು ಅನ್ನುವುದಕ್ಕಿಂತ ಕೆಟ್ಟ ಮಾತು ಇನ್ನೊಂದಿರಲಿಲ್ಲ. ಅದು ಅವನಿಗೆ ತಿಳಿಯದ್ದಲ್ಲ. ದೊರೆಸಾನಿ ಹೆದರಿ ಪೀರ್ ಸಾಬರನ್ನು ನಾಲ್ಕು ದಿನ ದೂರವಿಟ್ಟಾರು, ಆ ನಾಲ್ಕು ದಿನ ತನ್ನನ್ನು ಕರೆದಾರು. ಅವನ ಲೆಕ್ಕ ಅಲ್ಲಿಗೇ ನಿಂತಿತ್ತು. ಮುಂದಕ್ಕೆ ಯೋಚಿಸಲು ಅವನಿಗೆ ಮನಸ್ಸಿರಲಿಲ್ಲ ಅನ್ನಬೇಕು.

ಬಟ್ಲರ್ ದೊರೆಸಾನಿಗೆ ಹೇಳಿದ. ಎಳೆಮಕ್ಕಳ ತಾಯಿ, ಪ್ಲೇಗಿಗೆ ಹೆದರಿ ಊರು ಬಿಟ್ಟು ಬಂದವಳು, ದಿನವೂ ಅದೇ ಜಟಕಾದಲ್ಲಿ ಗಂಡ ಓಡಾಡುತ್ತಿದ್ದಾನೆ. ಆಕೆ ಸುಮ್ಮನಿರುವುದು ಹೇಗೆ? ಸುದ್ದಿ ಅಮಲ್ದಾರರ ತನಕ ಹೋಯಿತು.

ಎರಡು ದಿನಕ್ಕೆ ಶಿವಲಿಂಗಮ್ಮ ಕೊಡ ಹೊತ್ತು ಓಡುತ್ತ ಬಂದಳು. “ಕೇಳ್ತಾ? ಪೀರ್ ಸಾಬ್ರ ಮನೇಗೆ ಪ್ಲೇಗಿನ ಜವಾನ್ರು ಬಂದವ್ರೆ. ಹೆಂಚು ಇಳಿಸ್ತಾವ್ರೆ!”

ಕಾಡಸಿದ್ದಪ್ಪ ಹೋಗಬಾರದು ಅಂದುಕೊಂಡ. ಕಾಲು ಮಾತ್ರ ಅತ್ತಲೇ ನಡೆದವು. ಸ್ಟೇಷನ್ ಬೀದಿಯ ತುಂಬ ಜನ, ಎಲ್ಲ ದೂರ ದೂರ ನಿಂತಿದ್ದರು. ಛಾವಣಿಯ ಮೇಲೆ ಇಬ್ಬರು ಹೆಂಚು ಕಿತ್ತು ಕೆಳಗಿನವರ ಕೈಗೆ ಕೊಡುತ್ತಿದ್ದರು. ಒಳಗೆ ಬಿಸಿಲು ಬೀಳಲಿ, ಗಾಳಿ ಆಡಲಿ ಎಂದು ಆಗಿನ ಕಾನೂನು. ಹಾಸಿಗೆ, ಕೌದಿ, ಚಾಪೆ ಬೀದಿ ನಡುವೆ ಉರಿಯುತ್ತಿದ್ದವು. ಪೀರ್ ಸಾಬರ ಹೆಂಡತಿ ಮೊಮ್ಮಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಹುಣಸೆಮರದ ಬುಡದಲ್ಲಿ ಕೂತಿದ್ದಳು.

ಪೀರ್ ಸಾಬರು ಪ್ಲೇಗು ಇನ್ಸ್‌ಪೆಕ್ಟರರ ಮುಂದೆ ಕೈಮುಗಿದು ನಿಂತಿದ್ದರು. “ಖುದಾ ಕಸಮ್ ಸ್ವಾಮಿ, ನಮ್ಮನೇಲಿ ಇಲಿ ಬಿದ್ದಿಲ್ಲ. ಮಗೀಗೆ ಬರೀ ಚಳಿಜ್ವರ. ಅದೂ ಬುಟ್ಟೋಯ್ತು.” ಅಷ್ಟರಲ್ಲಿ ಅವರ ಕಣ್ಣಿಗೆ ಕಾಡಸಿದ್ದಪ್ಪ ಬಿದ್ದ. ಮುಳುಗುವವನಿಗೆ ದಡ ಕಂಡ ಹಾಗಾಯಿತು ಅವರ ಮುಖ.

“ಅಗೋ, ನಮ್ಮ ಸಿದ್ದಪ್ಪ ಅವ್ನೆ! ಅವತ್ತೇ ಬಂದಿದ್ದ, ಪಡಸಾಲೇಲಿ ಕೂತಿದ್ದ. ಹೇಳಪ್ಪ ಸಿದ್ದಪ್ಪ, ಇವ್ರಿಗೆ ಹೇಳು. ನಮ್ಮನೇಲಿ ಇಲಿ ಇತ್ತಾ? ಮಗು ಗಂಜಿ ಕುಡೀತಿರ್ಲಿಲ್ವಾ?”

ಬೀದಿಯೆಲ್ಲ ಅವನತ್ತ ತಿರುಗಿತು. ಜನ ತನ್ನನ್ನು ನೋಡಬೇಕು ಎಂದು ಬಯಸಿದ್ದವನಿಗೆ ಆ ಕಣ್ಣುಗಳು ಮೈಗೆ ಕೆಂಡ ಇಟ್ಟಂತಾದವು. ಹೌದು, ನಾನು ನೋಡಿದ್ದೇನೆ ಅಂದರೆ, ಮತ್ತೆ ಇಲಿ ಬಿದ್ದಿತ್ತು ಅಂತ ಹೇಳಿದವರು ಯಾರು ಎಂಬ ಪ್ರಶ್ನೆ ಬರುತ್ತದೆ. ಬಟ್ಲರನನ್ನು ಕರೆಸುತ್ತಾರೆ.

“ನಾನು ಹೊರ್ಗಡೆ ಕೂತಿದ್ದೆ ಸ್ವಾಮಿ. ಒಳ್ಗಡೇದು ನಂಗೇನು ಗೊತ್ತು?”

ಪೀರ್ ಸಾಬರು ಅವನನ್ನೇ ನೋಡಿದರು. ಕೋಪದಿಂದಲ್ಲ. ಪಾಪ, ಹೆದರಿಬಿಟ್ಟಿದ್ದಾನೆ ಅನ್ನುವ ಹಾಗೆ. ಆಮೇಲೆ ತಲೆಗೆ ಟವೆಲು ಸುತ್ತಿಕೊಂಡು, ಮೊಮ್ಮಗಳನ್ನು ಎತ್ತಿಕೊಂಡು, ಹೆಂಡತಿಯೊಂದಿಗೆ ಜವಾನರ ಹಿಂದೆ, ಪ್ಲೇಗಿನ ಶಂಕೆಯವರನ್ನು ಬೇರೆಯಿಡುವ ಹೊಳೆಯಂಚಿನ ತಡಿಕೆ ಷೆಡ್ಡುಗಳ ಕಡೆಗೆ ನಡೆದರು. ಕುದುರೆಯನ್ನು ಅವರ ಹೆಂಡತಿಯ ತಮ್ಮ ಶುಕೂರ್ ಹಿಡಿದುಕೊಂಡು ಹೋದ.

ಅಂದು ಸಂಜೆಯೇ ಬಟ್ಲರ್ ಬಂದು ಕಾಡಸಿದ್ದಪ್ಪನನ್ನು ದೊರೆಯ ಸವಾರಿಗೆ ಗೊತ್ತು ಮಾಡಿದ. ಬಂಗಲೆಯಿಂದ ಒಂದು ಕೆಂಪು ರುಮಾಲು ಕೊಟ್ಟರು. ಕಾಡಸಿದ್ದಪ್ಪ ಅದನ್ನು ಸುತ್ತಿಕೊಂಡು ಬೆಳಗ್ಗೆ ಸಂಜೆ ಸ್ಟೇಷನ್ನಿಗೆ ಗಾಡಿ ಹೊಡೆದ. ಊರವರು ತಿರುಗಿ ನೋಡಿದರು. ಅವನು ಯಾರ ಮುಖವನ್ನೂ ನೋಡಲಿಲ್ಲ.

ಆ ಹಾದಿಯೇ ಅವನಿಗೆ ಶಿಕ್ಷೆಯಾಯಿತು. ಸ್ಟೇಷನ್ನಿಗೆ ಬೇರೆ ಬೀದಿಯಿಲ್ಲ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಹೆಂಚಿಲ್ಲದ ಆ ಮನೆ ಎದುರಾಗುತ್ತಿತ್ತು. ತೊಲೆಗಳ ನಡುವೆ ಆಕಾಶ ಕಾಣುತ್ತಿತ್ತು. ಸೇತುವೆಯ ಮೇಲಿಂದ ನೋಡಿದರೆ ಹೊಳೆಯಂಚಿನಲ್ಲಿ ಷೆಡ್ಡುಗಳು. ಅಲ್ಲಿ ಹೊಗೆ ಏಳುತ್ತಿದ್ದರೆ ಸದ್ಯ ಅಡುಗೆ ಆಗುತ್ತಿದೆ ಎಂದು ಉಸಿರು ಬಿಡುತ್ತಿದ್ದ. ಒಂದು ದಿನ ಹೆಂಡತಿಗೆ ಹೇಳಿ ರಾಗಿ ಹಿಟ್ಟು, ಬೆಲ್ಲ ಕಳಿಸಿದ. ಪೀರ್ ಸಾಬರು ಕಾವಲುಗಾರನ ಕೈಲಿ ಹೇಳಿ ಕಳಿಸಿದರು: ‘ಊರೆಲ್ಲ ದೂರ ಆದಾಗ ಸಿದ್ದಪ್ಪ ಒಬ್ನೇ ನಮ್ಮನ್ನ ನೆನೆಸ್ಕೊಂಡ.’ ಅದನ್ನು ಕೇಳಿದ ರಾತ್ರಿ ಅವನಿಗೆ ಅನ್ನ ಸೇರಲಿಲ್ಲ.

“ಏನಾಗೈತೆ ನಿಮ್ಗೆ? ಉಣ್ಣಕಿಲ್ಲ, ಮಾತಾಡಕಿಲ್ಲ” ಎಂದು ಶಿವಲಿಂಗಮ್ಮ ಕೇಳಿದಳು.

“ಏನಿಲ್ಲ. ಮೈ ಬಿಸಿ.”

“ಅಯ್ಯೋ, ಹಂಗನ್ಬ್ಯಾಡಿ! ಯಾರಾರ ಕೇಳಿಸ್ಕೊಂಡಾರು” ಎಂದು ಅವಳು ಬಾಗಿಲು ಹಾಕಿದಳು. ಒಂದು ಮಾತಿಗೆ ಹೆಂಡತಿ ಹೀಗೆ ನಡುಗಿದ್ದು ಕಂಡು ಅವನು ತಲೆ ತಗ್ಗಿಸಿದ.

ಷೆಡ್ಡಿನ ಗಡುವು ಇನ್ನೂ ಮುಗಿದಿರಲಿಲ್ಲ, ಮದರಾಸಿನ ಕಡೆ ಸಮುದ್ರದಲ್ಲಿ ಗಾಳಿಯೆದ್ದು ಇತ್ತ ಮಳೆ ಹಿಡಿಯಿತು. ಕಾಲವಲ್ಲದ ಕಾಲದ ಮಳೆ. ಜಡಿದು, ನಿಂತು, ಮತ್ತೆ ಜಡಿದು, ಮೂರು ದಿನ ಬಿಡಲಿಲ್ಲ. ಕಾಡಸಿದ್ದಪ್ಪ ಗೋಣಿ ಹೊದ್ದು ದೊರೆಯನ್ನು ಸ್ಟೇಷನ್ನಿಗೆ ಬಿಟ್ಟು ಬರುತ್ತಿದ್ದಾಗ ಅವನ ಕಣ್ಣೆದುರಿಗೇ ಪೀರ್ ಸಾಬರ ಮನೆಯ ಬೀದಿಗೋಡೆ ಹೊಟ್ಟೆ ಉಬ್ಬಿಸಿ ನಿಂತಿತು. ಮೇಲೆ ಹೆಂಚಿಲ್ಲದ ಮಣ್ಣುಗೋಡೆ ಎಷ್ಟು ನೀರು ಕುಡಿದೀತು? ಸದ್ದೇ ಇಲ್ಲದೆ, ಮುದುಕರು ಕೂರುವ ಹಾಗೆ, ಮೆಲ್ಲಗೆ ಕುಸಿದು ಕೂತಿತು. ಅದರ ಬೆನ್ನಿಗೆ ಪಡಸಾಲೆಯ ಗೋಡೆ. ಅವನು ಗಾಡಿಯಿಂದ ಹಾರಿ, ಕೆಸರಿನಲ್ಲಿ ಓಡಿ, ಉಳಿದ ಗೋಡೆಗೆ ಕಂಬ ಕೊಡಲು ನೋಡಿದ. ಕಂಬವೇ ಜಾರಿತು. ಮಳೆಯಲ್ಲಿ ನಿಂತು ನೋಡುತ್ತಿದ್ದವರಲ್ಲಿ ಯಾರೋ ಅಂದರು: “ಎಂಥ ಒಳ್ಳೆಯವ್ನು ನೋಡು, ಯಾರ್ದೋ ಮನೆಗೆ ಹೆಂಗೆ ಒದ್ದಾಡ್ತಾವ್ನೆ.”

ಮಳೆ ನಿಂತ ಮೇಲೆ ಒಂದು ಸಂಜೆ ದೊರೆಸಾನಿ ಮಗಳನ್ನು ಕರೆದುಕೊಂಡು ಗಂಡನನ್ನು ಎದುರುಗೊಳ್ಳಲು ಸ್ಟೇಷನ್ನಿಗೆ ಹೊರಟರು. ಬಟ್ಲರ್ ಹಿಂದೆ ಕೂತಿದ್ದ. ಮಣ್ಣಿನ ರಾಶಿ ಕಂಡು ದೊರೆಸಾನಿ ಕೈ ತೋರಿಸಿ ಏನೋ ಕೇಳಿದರು. ಬಟ್ಲರ್ ಹೇಳಿದ. ಆಕೆ ತಮ್ಮಷ್ಟಕ್ಕೇ ಎಂಬಂತೆ ಮಾತಾಡಿದರು.

“ಏನಂತಾರೆ?” ಕಾಡಸಿದ್ದಪ್ಪ ತಡೆಯಲಾರದೆ ಕೇಳಿದ.

“ಮದುವೆಯಾದಾಗಿನಿಂದ ಏಳು ಮನೆ ಬದಲಾಯಿಸಿದ್ದಾರಂತೆ. ಅಜ್ಮೀರ, ಇಂದೂರು, ಎಲ್ಲೆಲ್ಲೋ. ಒಂದೂ ತಮ್ಮದಲ್ಲ. ಪರದೆ ಹೊಲಿಸಿ ನೇತುಹಾಕುವಷ್ಟರಲ್ಲಿ ವರ್ಗದ ಕಾಗದ ಬರುತ್ತದೆ. ‘ನನಗೆ ಮನೆ ಅನ್ನೋದೇ ಇಲ್ಲ, ನನ್ನಿಂದ ಇನ್ನೊಬ್ಬರ ಮನೆ ಹೋಯಿತಲ್ಲ’ ಅಂತಾರೆ.”

ದೊರೆಸಾನಿ ಮತ್ತೆ ಏನೋ ಕೇಳಿದರು. ಈ ಸಲ ದನಿ ಗಡುಸಾಗಿತ್ತು. ಬಟ್ಲರ್ ತಡವರಿಸಿ ಉತ್ತರ ಕೊಟ್ಟ. ಅದನ್ನು ಕಾಡಸಿದ್ದಪ್ಪನಿಗೆ ತಿಳಿಸಲಿಲ್ಲ. ಸ್ಟೇಷನ್ನಿನಲ್ಲಿ ಆಕೆ ಇಳಿದುಹೋದ ಮೇಲೆ ಹತ್ತಿರ ಬಂದು ಪಿಸುಗುಟ್ಟಿದ:

“ಆ ಮಗುವಿಗೆ ಪ್ಲೇಗ್ ಇರಲಿಲ್ಲ ಅಂದಮೇಲೆ ಇಲಿ ಸುದ್ದಿ ಹೇಳಿದ್ದು ಯಾರು ಅಂತ ಕೇಳಿದರು. ಯಾರೋ ಊರಿನವರು ಅಂದೆ. ನೀನು ಬಾಯಿ ಮುಚ್ಚಿಕೊಂಡಿರಪ್ಪಾ. ನಿನ್ನಿಂದ ನನ್ನ ಕೆಲಸವೂ ಹೋಗುತ್ತೆ.”

ಪೀರ್ ಸಾಬರು ಷೆಡ್ಡಿನಿಂದ ಬಂದರು. ಮೊಮ್ಮಗಳು ಚೆನ್ನಾಗಿಯೇ ಇತ್ತು. ಮನೆಯಿದ್ದ ಜಾಗದಲ್ಲಿ ನಿಂತು ಅವರು ಅಳಲಿಲ್ಲ, ಯಾರನ್ನೂ ಬೈಯಲಿಲ್ಲ. ಹೆಂಡತಿ, ಮೊಮ್ಮಗಳನ್ನು ಜಟಕಾದಲ್ಲಿ ಕೂರಿಸಿಕೊಂಡು ಚನ್ನಪಟ್ಟಣದಲ್ಲಿದ್ದ ಮಗಳ ಮನೆಗೆ ಬಿಟ್ಟು, ಜಟಕಾವನ್ನೂ ಅಲ್ಲೇ ನಿಲ್ಲಿಸಿ ಬಂದರು. ಮಣ್ಣಿನಡಿ ಉಳಿದಿದ್ದ ತೊಲೆ, ಬಾಗಿಲುವಾಡಗಳನ್ನು ಸಾಗಿಸಲು ಗಾಡಿ ಬೇಕಾಗಿತ್ತು. ಯಾರನ್ನೂ ಕೇಳದೆ ನೇರ ಕಾಡಸಿದ್ದಪ್ಪನ ಅಂಗಳಕ್ಕೆ ಬಂದರು.

“ಒಸಿ ಮರ ಐತೆ ಸಿದ್ದಪ್ಪ. ಚನ್ನಪಟ್ಣಕ್ಕೆ ಹಾಕ್ಕೊಡ್ತೀಯಾ?”

ದೊರೆ ಆ ದಿನ ಬೆಂಗಳೂರಿನಲ್ಲೇ ಉಳಿದಿದ್ದರು. ಕಾಡಸಿದ್ದಪ್ಪ ಗಾಡಿಯ ಕಮಾನು ಬಿಚ್ಚಿ ಮರ ಹೇರಿದ. ಇಬ್ಬರೂ ಮುಂದೆ ಕೂತರು. ಬಿಸಿಲು ಹದವಾಗಿತ್ತು. ಎರಡೂ ಕಡೆ ಹೊಲಗಳಲ್ಲಿ ಮಳೆಗೆ ಮಲಗಿದ ರಾಗಿಯನ್ನು ಜನ ಎತ್ತಿ ಕಟ್ಟುತ್ತಿದ್ದರು. ಬಹಳ ದೂರ ಹೋದ ಮೇಲೆ ಪೀರ್ ಸಾಬರು ತಾವಾಗಿ ಮಾತು ತೆಗೆದರು.

“ಯಾರು ಹೇಳಿದ್ದು ಅಂತ ನಂಗೆ ಗೊತ್ತಾಯ್ತು.”

ಕಾಡಸಿದ್ದಪ್ಪನ ಕೈಯಲ್ಲಿ ಹಗ್ಗ ಬಿಗಿಯಾಯಿತು. ಎತ್ತುಗಳು ತಡೆದು ನಿಂತು ಮತ್ತೆ ನಡೆದವು.

“ಶುಕೂರ್. ನನ್ನ ಹೆಂಡ್ತಿ ತಮ್ಮಾನೇ. ಅವ್ನಿಗೆ ನನ್ನ ಕುದುರೆ ಮ್ಯಾಲೆ ಮೊದ್ಲಿಂದ ಕಣ್ಣು. ನಾವು ಷೆಡ್ಡಲ್ಲಿದ್ದಾಗ ದಿನಾ ಅದನ್ನ ಹೊಡ್ಕೊಂಡು ತಿರುಗ್ತಿದ್ದ. ಕುದುರೆ ಇಸ್ಕೊಂಡೆ, ಮಖ ನೋಡಬ್ಯಾಡ ಅಂದ್ಬುಟ್ಟೆ. ಅಳ್ತಾನೆ, ಕುರಾನ್ ಮುಟ್ತೀನಿ ಅಂತಾನೆ. ನನ್ನ ಹೆಂಡ್ತಿಗೆ ಒಬ್ನೇ ತಮ್ಮ. ಅವ್ಳು ಅತ್ತೂ ಅತ್ತೂ ಕಣ್ಣು ಬಾತೋಗದೆ. ಏನ್ಮಾಡಾನ, ಇನ್ನ ಅವ್ನು ನಮ್ಗೆ ಸತ್ತಂಗೇ.”

ಕೆಂಗಲ್ ಬಂತು. ಆಂಜನೇಯನ ಗುಡಿಯ ಹತ್ತಿರ ಎತ್ತುಗಳಿಗೆ ನೀರು ಕುಡಿಸಲು ಗಾಡಿ ನಿಲ್ಲಿಸಿದ. ಕಲ್ಲುತೊಟ್ಟಿಗೆ ಎತ್ತುಗಳು ಬಾಯಿ ಹಾಕಿದವು. ಗುಡಿಯ ಕಡೆ ನೋಡಲು ಅವನಿಗೆ ಆಗಲಿಲ್ಲ. ಒಂದು ಸುಳ್ಳಿಗೆ ಮನೆ ಬಿತ್ತು. ಈಗ ಅಕ್ಕ ತಮ್ಮಂದಿರ ನಡುವೆಯೂ ಮಣ್ಣು ಬಿದ್ದಿದೆ. ಸುಮ್ಮನಿದ್ದರೆ ಅದೂ ಹಾಗೇ ಉಳಿಯುತ್ತದೆ.

“ಪೀರಣ್ಣ, ಶುಕೂರ್ ಅಲ್ಲ.”

“ನಿಂಗೇನು ಗೊತ್ತು?”

“ನಾನು ಹೇಳಿದ್ದು. ಸಂತೇಲಿ ಬಟ್ಲರ್‌ಗೆ ನಾನೇ ಹೇಳಿದ್ದು. ಇಲಿ ಬಿದ್ದಿತ್ತಂತೆ ಅಂದ್ಬುಟ್ಟೆ. ದೊರೆ ಸವಾರಿ ನಂಗೆ ಸಿಗ್ಲಿ ಅಂತ.”

ಪೀರ್ ಸಾಬರು ಅವನ ಮುಖ ನೋಡಿದರು. ನಗೆ ಬರುವ ಹಾಗೆ ತುಟಿ ಅಲುಗಿತು, ತಮಾಷೆ ಇರಬಹುದೇನೋ ಎಂದು. ಅಲ್ಲ ಎಂದು ತಿಳಿದಾಗ ಕಣ್ಣು ಬೇರೆ ಕಡೆ ತಿರುಗಿಸಿದರು. ಅವರಾಡಿದ್ದು ಇಷ್ಟೇ:

“ಅವತ್ತು ಬೀದೀಲಿ ನಿನ್ನ ಕರ್ದು ಕೇಳಿದ್ನಲ್ಲೋ.”

ಆಮೇಲೆ ಗಾಡಿಯ ಹಿಂದಕ್ಕೆ ಹೋಗಿ ಹಗ್ಗ ಬಿಚ್ಚಿದರು. ತೊಲೆಗಳನ್ನು ಒಂದೊಂದಾಗಿ ಎಳೆದು ರಸ್ತೆಯ ಪಕ್ಕಕ್ಕೆ ಹಾಕತೊಡಗಿದರು. ಕಾಡಸಿದ್ದಪ್ಪ ಕೈ ಹಾಕಲು ಹೋದ.

“ಮುಟ್ಬ್ಯಾಡ.”

“ಪೀರಣ್ಣ, ಚನ್ನಪಟ್ಣದ ಗಂಟ ಬುಟ್ಟು ಬತ್ತೀನಿ. ಆಮ್ಯಾಕೆ ನನ್ನ ಏನಾರ ಮಾಡು. ಹೊಡಿ.”

“ನಿನ್ನ ಹೊಡ್ದು ನಾನೇನ್ ಮಾಡ್ಲಿ? ಹೋಗು.”

ವಯಸ್ಸಾದ ಮೈ, ಭಾರದ ಮರ. ಬಾಗಿಲುವಾಡ ಇಳಿಸುವಾಗ ಅವರ ಕೈ ತರಚಿ ರಕ್ತ ಬಂತು. ಕಾಡಸಿದ್ದಪ್ಪ ಕೈಕಟ್ಟಿ ನಿಂತು ಅದನ್ನೆಲ್ಲ ನೋಡಬೇಕಾಯಿತು. ಎಲ್ಲ ಇಳಿಸಿ, ಪೀರ್ ಸಾಬರು ಮರದ ರಾಶಿಯ ಮೇಲೆ ಅವನಿಗೆ ಬೆನ್ನು ಮಾಡಿ ಕೂತರು.

ಕಾಡಸಿದ್ದಪ್ಪ ಬರಿ ಗಾಡಿ ಹೊಡೆದುಕೊಂಡು ಕ್ಲೋಸ್‌ಪೇಟೆಗೆ ಮರಳಿದ. ಮನೆಗೆ ಹೋಗದೆ ಶುಕೂರನ ಬಾಗಿಲಿಗೆ ಹೋದ. ಶುಕೂರ್ ರೇಷ್ಮೆಗೂಡು ಆರಿಸುತ್ತಿದ್ದ. ಸುತ್ತ ಕೆಲಸದ ಹೆಂಗಸರು. ಅವರೆಲ್ಲರ ಎದುರಿಗೇ ಹೇಳಿದ. ಹೇಳಿ ಮುಗಿಸುವಷ್ಟರಲ್ಲಿ ಕೆನ್ನೆಗೆ ಏಟು ಬಿತ್ತು. ತಲೆಯ ಮೇಲಿನ ಕೆಂಪು ರುಮಾಲು ಗೂಡಿನ ತಟ್ಟೆಗೆ ಹೋಗಿ ಬಿತ್ತು.

“ಭಾವ ಈಗ ಎಲ್ಲವ್ರೆ?” ಶುಕೂರ್ ಕೂಗಿದ.

“ಕೆಂಗಲ್ ತಾವ. ಒಬ್ರೇ ಕೂತವ್ರೆ. ನನ್ನ ಗಾಡೀಲಿ ಬರಾಕಿಲ್ಲ ಅಂದ್ರು.”

ಶುಕೂರ್ ಬೇರೆಯವರ ಗಾಡಿ ಕಟ್ಟಿಸಿಕೊಂಡು ಹೊರಟ. ಹೊತ್ತು ಮುಳುಗುವ ಮುಂಚೆ ಭಾವ ಮೈದುನರು ಒಟ್ಟಿಗೆ ಚನ್ನಪಟ್ಟಣ ಸೇರಿದರೆಂದೂ, ಶುಕೂರನನ್ನು ಕಂಡು ಅವನ ಅಕ್ಕ ಬೀದಿಗೇ ಓಡಿಬಂದಳೆಂದೂ ಆಮೇಲೆ ಕೇಳಿದವರು ಹೇಳಿದರು.

ಸುದ್ದಿ ಊರೆಲ್ಲ ಹಬ್ಬಿತು. ಅದನ್ನು ಕೇಳಿದ ಶಿವಲಿಂಗಮ್ಮ ನೀರಿಗೆ ಹೋಗುವಾಗ ಸ್ಟೇಷನ್ ಬೀದಿ ಬಿಟ್ಟು ಸುತ್ತುಹಾದಿ ಹಿಡಿದಳು. ಅದು ಬೈಗುಳಕ್ಕಿಂತ ಹೆಚ್ಚಾಯಿತು. ಮಾರನೆಯ ಬೆಳಗ್ಗೆ ಕಾಡಸಿದ್ದಪ್ಪ ಬಂಗಲೆಗೆ ಹೋಗಿ ರುಮಾಲನ್ನು ಮೆಟ್ಟಿಲ ಮೇಲಿಟ್ಟು, ದೊರೆಸಾನಿಯ ಮುಂದೆ ಇದ್ದದ್ದು ಇದ್ದ ಹಾಗೆ ಹೇಳಿದ. ಬಟ್ಲರ್ ತಡವರಿಸುತ್ತ ಅದನ್ನು ಇಂಗ್ಲಿಷಿಗೆ ತಿರುಗಿಸಿದ. ಪೂರ್ತಿ ತಿರುಗಿಸಿದನೋ ಇಲ್ಲವೋ, ಆಕೆಯ ಮುಖ ಕೆಂಪಗಾದದ್ದು ನೋಡಿದರೆ ತಿಳಿದಿರಬೇಕು. ಆಕೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅಂದಿನಿಂದ ದೊರೆ ಸ್ಟೇಷನ್ನಿಗೆ ನಡೆದೇ ಹೋಗುತ್ತಿದ್ದರು. ಬೇಸಿಗೆಗೆ ಮುಂಚೆಯೇ ಅವರಿಗೆ ಇನ್ನೊಂದು ಸಂಸ್ಥಾನಕ್ಕೆ ವರ್ಗವಾಯಿತು. ಪಿಯಾನೋ ಮತ್ತೆ ಸೇತುವೆ ದಾಟಿತು, ಬಂಗಲೆಗೆ ಮತ್ತೆ ಬೀಗ ಬಿತ್ತು. ಹೋಗುವ ಮುಂಚೆ ದೊರೆಸಾನಿ ಚನ್ನಪಟ್ಟಣಕ್ಕೆ ಹೋಗಿ ಪೀರ್ ಸಾಬರ ಮೊಮ್ಮಗಳನ್ನು ನೋಡಿ ಬಂದರಂತೆ.

ಕಾಡಸಿದ್ದಪ್ಪ ಆ ಗಾಡಿಗೆ ಮತ್ತೆ ಕಮಾನು ಕಟ್ಟಲಿಲ್ಲ. ಗೊಬ್ಬರ ಹೇರಿದ, ಹುಲ್ಲು ಹೇರಿದ. ಪ್ಲೇಗು ಮುಂದೆಯೂ ಎಷ್ಟೋ ವರ್ಷ ಬಂತು, ಹೋಯಿತು. ಯಾರ ಮನೆಯಲ್ಲಾದರೂ ಇಲಿ ಬಿತ್ತು ಎಂಬ ಗುಲ್ಲೆದ್ದರೆ, ಎಲ್ಲರೂ ಹಿಂದೆ ಸರಿಯುವಾಗ ಅವನು ಮುಂದೆ ಹೋಗುತ್ತಿದ್ದ. ಒಳಗೆ ನುಗ್ಗಿ ಅಟ್ಟ, ಕಣಜ, ಒಲೆಮೂಲೆ ಎಲ್ಲ ಕಣ್ಣಾರೆ ನೋಡಿ ಬಂದು, ಇದ್ದರೆ ಐತೆ, ಇಲ್ಲದಿದ್ದರೆ ಇಲ್ಲ ಎಂದು ಜವಾನರ ಮುಂದೆ ಹೇಳುತ್ತಿದ್ದ. ‘ಇವ್ನಿಗೆ ಜೀವದ ಮ್ಯಾಲೆ ಆಸೆ ಇಲ್ವಾ’ ಎಂದು ಜನ ಆಡಿಕೊಂಡರು. ಅವನಿಗೆ ಜ್ವರ ಬರಲಿಲ್ಲ. ಬರಲಿಲ್ಲವಲ್ಲ ಎಂದೂ ಕೆಲವು ಸಲ ಅನಿಸುತ್ತಿತ್ತು.

ಎಷ್ಟೋ ವರ್ಷದ ಮೇಲೆ, ತಲೆ ನೆರೆತ ಮೇಲೆ, ನೆಂಟರ ಮನೆಯ ಮದುವೆ ಮಾತಿಗೆಂದು ಕಾಡಸಿದ್ದಪ್ಪ ಚನ್ನಪಟ್ಟಣದಲ್ಲಿ ರೈಲಿಳಿದ. ಮಟಮಟ ಮಧ್ಯಾಹ್ನ. ಸ್ಟೇಷನ್ನಿನ ಮುಂದೆ ಇದ್ದದ್ದು ಒಂದೇ ಜಟಕಾ. ಹಗ್ಗ ಹಿಡಿದು ಕೂತಿದ್ದ ಮುದುಕರ ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಕಾಡಸಿದ್ದಪ್ಪ ಗುರುತು ಹಿಡಿದು, ಮಂಡಿ ನೋಯುತ್ತಿದ್ದರೂ ನಡೆದೇ ಹೋಗಲು ತಿರುಗಿದ.

“ಎಲ್ಗೆ?” ಹಿಂದಿನಿಂದ ಪೀರ್ ಸಾಬರ ದನಿ.

“ಕ್ವಾಟೆ ಕಡೀಕೆ.”

“ಬಿಸ್ಲು ಜಾಸ್ತಿ ಐತೆ. ಹತ್ತು.”

ಹತ್ತಿದ. ಅವರ ಜಟಕಾದಲ್ಲಿ ಅವನು ಎಂದೂ ಕೂತಿರಲಿಲ್ಲ. ಬೆನ್ನು ನೋಡುತ್ತ ಕೂತ. ಅಂಗಡಿ ಬೀದಿ ಕಳೆಯಿತು, ಕೆರೆ ಏರಿ ಕಳೆಯಿತು. ಕೊನೆಗೆ ಧೈರ್ಯ ತಂದುಕೊಂಡು ಕೇಳಿದ:

“ಮೊಮ್ಮಗಳು ಹೆಂಗವ್ಳೆ?”

“ಕಾನಕಾನಳ್ಳಿಗೆ ಕೊಟ್ಟಿದ್ದೀವಿ. ಎಲ್ಡು ಮಕ್ಕಳು.”

ಅಷ್ಟೇ. ಕೋಟೆ ಬಾಗಿಲು ಬಂದಾಗ ಪೀರ್ ಸಾಬರು ಕುದುರೆ ನಿಲ್ಲಿಸಿದರು, ಆದರೆ ತಿರುಗಿ ನೋಡಲಿಲ್ಲ.

“ಮೆಟ್ಲು ನೋಡ್ಕೊಂಡು ಇಳಿ. ಸಡ್ಲ ಆಗೈತೆ.”

ಮನೆಗೆ ಬಂದ ಮೇಲೆ ಕಾಡಸಿದ್ದಪ್ಪ ಅದನ್ನು ಶಿವಲಿಂಗಮ್ಮನಿಗೆ ಹೇಳಿದ. ಅವಳು ಬಿಡಿಸುತ್ತಿದ್ದ ಅವರೆಕಾಯಿಯನ್ನು ಮೊರದಲ್ಲೇ ಬಿಟ್ಟು ಕೇಳಿಸಿಕೊಂಡಳು.

“ಅಷ್ಟೇನಾ? ಇನ್ನೇನೂ ಅನ್ನಲಿಲ್ವಾ?”

“ಇಲ್ಲ.”

“ನೀವಾದ್ರೂ ಏನಾರ ಅಂದ್ರಾ?”

“ಇಳಿವಾಗ ಪೀರಣ್ಣ ಅಂತ ಒಂದ್ಸಲ ಕರೀಬೇಕು ಅನ್ನಿಸ್ತು ಕಣೆ” ಎಂದು ಕಾಡಸಿದ್ದಪ್ಪ ಅಂಗಳದ ಕಡೆ ನೋಡಿದ. “ಬಾಯಿ ಬರ್ಲಿಲ್ಲ.”